ಅಮೆರಿಕದ ಆಸ್ಪತ್ರೆ ಬಿಲ್ಲು, ಐದು ತಿಂಗಳಾದ್ರೂ ಬಾರದ ಕ್ಲೇಮ್ ದುಡ್ಡು: ಈಗ ಏನ್ ಮಾಡ್ಬೇಕು?

ಪ್ರಶ್ನೆ: ಅಕ್ಕನ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಡಲ್ಲಾಸ್‌ಗೆ ಹೋಗಿದ್ರು. ಅಪ್ಪಂಗೆ 67 ವರ್ಷ, ಬಿಪಿ ಶುಗರ್ ಎರಡೂ ಇದೆ, ಇಲ್ಲೇ ಇಂಡಿಯಾದಲ್ಲಿ ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ಎರಡನ್ನೂ ಬರೆಸಿದ್ವಿ. ಅಲ್ಲಿ ಒಂದಿನ ರಾತ್ರಿ ಉಸಿರಾಡೋಕೆ ಕಷ್ಟ ಆಗಿ 911ಗೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿದ್ರು, ನ್ಯುಮೋನಿಯಾ ಅಂದ್ರು, ಮೂರು ರಾತ್ರಿ ಇದ್ರು. ಭಾವ ತಮ್ಮ ಕಾರ್ಡಲ್ಲಿ 4,800 ಡಾಲರ್ ಕಟ್ಟಿದಾರೆ, ಆಸ್ಪತ್ರೆಯ ದೊಡ್ಡ ಬಿಲ್ಲು 61 ಸಾವಿರ ಡಾಲರ್ ಹಾಗೇ ಬಾಕಿ ಇದೆ. ಊರಿಗೆ ಬಂದು ಕ್ಲೇಮ್ ಹಾಕಿ ಐದು ತಿಂಗಳಾಯ್ತು, ನಾಲ್ಕು ಸಲ ಹೊಸ ಹೊಸ ಡಾಕ್ಯುಮೆಂಟ್ ಕೇಳಿದ್ರು, ಕೊಟ್ವಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ 'ಅಂಡರ್ ಪ್ರೋಸೆಸ್' ಅಂತಾರೆ ಅಷ್ಟೇ. ಈಗ ಅಕ್ಕನ ಮನೆಗೆ ಕಲೆಕ್ಷನ್ ಏಜೆನ್ಸಿ ಪತ್ರ ಬಂದಿದೆ, ಅಪ್ಪ ರಾತ್ರಿ ನಿದ್ದೆ ಮಾಡ್ತಿಲ್ಲ. ದಾರಿ ತೋರಿಸಿ. (ಓದುಗರು, ದಾವಣಗೆರೆ)

ಉತ್ತರ:

ಮೊದ್ಲು ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ ಸರ್, ಆ ಕಲೆಕ್ಷನ್ (ಬಾಕಿ ವಸೂಲಿ) ಪತ್ರದಿಂದ ಯಾರೂ ಮನೆ ಬಾಗಿಲಿಗೆ ಬರಲ್ಲ, ಜೈಲು ಗೀಲು ಏನೂ ಇಲ್ಲ, ಅಕ್ಕನ ವೀಸಾಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನ ನಿಲ್ಲಿಸೋಕೆ ದಾರಿ ಇದೆ, ಕೆಳಗೆ ಹೇಳ್ತೀನಿ. ವಯಸ್ಸಾದವರು ಮಕ್ಕಳ ಮೇಲೆ ಸಾಲ ಹೊರಿಸಿಬಿಟ್ಟೆ ಅಂತ ಕೊರಗೋದನ್ನ ಎಷ್ಟು ಮನೆಗಳಲ್ಲಿ ನೋಡಿದೀನೋ ಲೆಕ್ಕ ಇಲ್ಲ, ಅದು ಕಾಯಿಲೆಗಿಂತ ಹೆಚ್ಚು ಸುಸ್ತು ಮಾಡುತ್ತೆ, ಅದಕ್ಕೇ ಈ ಮಾತು ಮೊದ್ಲು.

ಈಗ ವಿಷಯಕ್ಕೆ ಬರೋಣ. ನಾನು ಹದಿನಾಲ್ಕು ವರ್ಷ ಕ್ಲೇಮ್ಸ್ ಟೇಬಲ್ಲಿನ ಆ ಕಡೆ ಕೂತಿದ್ದವನು, ಫೈಲ್ ಹೆಂಗೆ ನಿಂತ್ಕೊಳ್ಳುತ್ತೆ ಅನ್ನೋದನ್ನ ಒಳಗಿಂದ ನೋಡಿದೀನಿ. ಬಹಳ ಜನ ಅಂದ್ಕೊಳ್ಳೋದು ಕಂಪನಿ ದುಡ್ಡು ಕೊಡಲ್ಲ ಅಂತ ತೀರ್ಮಾನ ಮಾಡಿ ಕೂತಿದೆ ಅಂತ. ಹಂಗಿರಲ್ಲ ಸರ್, ಹೆಚ್ಚಿನ ಫೈಲಲ್ಲಿ ಯಾರೂ ಏನೂ ತೀರ್ಮಾನವೇ ಮಾಡಿರಲ್ಲ. ಕಂಪನಿಗೆ ಕಾನೂನು ಕೊಟ್ಟಿರೋ ಗಡುವು ಶುರುವಾಗೋದು ಬೇಕಾದ ಕಾಗದ ಎಲ್ಲಾ ಕೈಗೆ ಬಂದ ದಿನದಿಂದ. ಕಾಗದ ಪೂರ್ತಿ ಆಯ್ತು ಅಂತ ಯಾರೂ ಬರೆದು ಹೇಳದಿದ್ರೆ ಆ ಗಡಿಯಾರ ಶುರುನೇ ಆಗಲ್ಲ. ಇವತ್ತು ಒಂದು ಕೇಳ್ತಾರೆ, ಕೊಡ್ತೀರಿ, ಇಪ್ಪತ್ತು ದಿನ ಆದ್ಮೇಲೆ ಬೇರೆ ಡೆಸ್ಕಲ್ಲಿ ಬೇರೆ ಹುಡುಗ ಫೈಲ್ ತೆಗೀತಾನೆ, ಅವನಿಗೆ ಇನ್ನೊಂದು ಬೇಕು ಅನ್ಸುತ್ತೆ, ಗಡಿಯಾರ ಮತ್ತೆ ಸೊನ್ನೆಗೆ. ಹನುಮಂತನ ಬಾಲದ ಥರ ಬೆಳೀತಾ ಹೋಗುತ್ತೆ. ನೀವು ಈಗ ಮಾಡ್ಬೇಕಿರೋ ಕೆಲಸ ಒಂದೇ, ಆ 'ಕೊನೇ ಕಾಗದ ಕೊಟ್ಟ ತಾರೀಕು' ಅನ್ನೋದನ್ನ ಬರವಣಿಗೆಯಲ್ಲಿ ಗಟ್ಟಿಯಾಗಿ ನೆಡೋದು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತೆ.

ಆದ್ರೆ ಕಾಗದ ನಿಜವಾಗಲೂ ಪೂರ್ತಿ ಇರ್ಬೇಕಲ್ಲ, ಅಮೆರಿಕದ ಕೇಸುಗಳಲ್ಲಿ ಅಲ್ಲೇ ಎಡವೋದು. ನಮ್ಮಲ್ಲಿ ಡಿಸ್ಚಾರ್ಜ್ ದಿನ ಕೌಂಟರಲ್ಲಿ ಒಂದು ಫೈನಲ್ ಬಿಲ್ಲು, ಒಂದು ಡಿಸ್ಚಾರ್ಜ್ ಸಮರಿ ಕೊಟ್ಟುಬಿಡ್ತಾರೆ, ಕೈಯಲ್ಲಿ ಹಿಡ್ಕೊಂಡು ಮನೆಗೆ ಬರ್ತೀವಿ. ಅಲ್ಲಿ ಆ ಪದ್ಧತಿ ಇಲ್ಲ. ಡಿಸ್ಚಾರ್ಜ್ ಆಗುವಾಗ ನರ್ಸ್ ಕೈಗೆ ಕೊಡೋ ಹತ್ತು ಹದಿನೈದು ಹಾಳೆ ಇರುತ್ತಲ್ಲ, ಮೇಲೆ 'ಆಫ್ಟರ್ ವಿಸಿಟ್ ಸಮರಿ' ಅಂತ ಇರುತ್ತೆ, ಅದರಲ್ಲಿ ಯಾವ ಮಾತ್ರೆ ಯಾವಾಗ ತಗೋಬೇಕು, ಮತ್ತೆ ಯಾವಾಗ ತೋರಿಸ್ಬೇಕು ಅಂತ ಇರುತ್ತೆ ಅಷ್ಟೇ. ಅದು ಡಿಸ್ಚಾರ್ಜ್ ಸಮರಿ ಅಲ್ಲ! ಹತ್ತರಲ್ಲಿ ಆರೇಳು ಕುಟುಂಬ ಅದನ್ನೇ ಕೊಟ್ಟು ಡಿಸ್ಚಾರ್ಜ್ ಸಮರಿ ಕೊಟ್ಟಾಯ್ತಲ್ಲ ಅಂತ ಜಗಳ ಆಡ್ತಾರೆ, ನಾನೇ ಈ ಜಗಳ ಎಷ್ಟೋ ಸಲ ಕೇಳಿಸ್ಕೊಂಡಿದೀನಿ. ನಿಜವಾದ ಡಿಸ್ಚಾರ್ಜ್ ಸಮರಿ ಡಾಕ್ಟರ್ ಬರೆದು ಸಹಿ ಮಾಡಿರೋದು, ಅದರ ಜೊತೆ ಎಮರ್ಜೆನ್ಸಿ ರೂಮ್ ನೋಟ್ಸು, ಅಡ್ಮಿಷನ್ ಟೈಮಲ್ಲಿ ಬರೆದ 'ಹಿಸ್ಟರಿ ಅಂಡ್ ಫಿಸಿಕಲ್' (ರೋಗಿ ಹೇಳಿದ ಹಿನ್ನೆಲೆ, ಡಾಕ್ಟರ್ ಪರೀಕ್ಷೆ ಮಾಡಿ ಕಂಡದ್ದು), ಎಕ್ಸ್‌ರೇ ರಿಪೋರ್ಟು, ಇವನ್ನ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಿಂದ ಬೇರೆಯಾಗಿ ಕೇಳಿ ತಗೋಬೇಕು.

ಬಿಲ್ಲಿನದ್ದೂ ಅದೇ ಕಥೆ. ಒಂದೇ ಆಸ್ಪತ್ರೆ ಒಂದೇ ಬಿಲ್ಲು ಅಲ್ಲ ಅಲ್ಲಿ. ಕಟ್ಟಡ, ಹಾಸಿಗೆ, ನರ್ಸಿಂಗ್, ಔಷಧಿ ಅಂತ ಆಸ್ಪತ್ರೆಯದ್ದು ಒಂದು, ಎಮರ್ಜೆನ್ಸಿ ಡಾಕ್ಟರ್ ಗುಂಪಿನದ್ದು ಒಂದು, ಎಕ್ಸ್‌ರೇ ನೋಡಿ ರಿಪೋರ್ಟ್ ಬರೆದ ಡಾಕ್ಟರ್‌ದು ಒಂದು, ಆಂಬ್ಯುಲೆನ್ಸ್ ಒಂದು, ಲ್ಯಾಬ್ ಒಂದು, ಹಿಂಗೆ ನಾಲ್ಕೈದು ಲಕೋಟೆ ಎರಡು ಮೂರು ತಿಂಗಳ ಉದ್ದಕ್ಕೂ ಅಕ್ಕನ ಮನೆ ಮೇಲ್‌ಬಾಕ್ಸಿಗೆ ಬರ್ತಾನೇ ಇರುತ್ತೆ. ಅಷ್ಟೊತ್ತಿಗೆ ನಿಮ್ಮ ತಂದೆ ದಾವಣಗೆರೆಯಲ್ಲಿರ್ತಾರೆ. ಎಳೇ ಮಗು ಇರೋ ಮನೆ ಬೇರೆ, ಯಾವ ಲಕೋಟೆ ಯಾವ ಡ್ರಾಯರಿಗೆ ಹೋಯ್ತೋ. ಮೇಲಾಗಿ ಮನೆಗೆ ಬರೋದು ಹೆಚ್ಚಾಗಿ 'ಸ್ಟೇಟ್‌ಮೆಂಟ್', ಅಂದ್ರೆ ಇಷ್ಟು ಬಾಕಿ ಇದೆ ಕಟ್ಟಿ ಅನ್ನೋ ಒಂದು ಸಾಲು. ಕ್ಲೇಮ್ ನೋಡೋರಿಗೆ ಅಷ್ಟು ಸಾಕಾಗಲ್ಲ. ಆಸ್ಪತ್ರೆಯಿಂದ ಯುಬಿ-04 ಅನ್ನೋ ಫಾರ್ಮು, ಡಾಕ್ಟರುಗಳಿಂದ ಸಿಎಂಎಸ್-1500 ಅನ್ನೋ ಫಾರ್ಮು (ಹಳಬರು ಹಿಕ್ಫಾ ಅಂತಲೂ ಅಂತಾರೆ), ಜೊತೆಗೆ ಐಟಮೈಸ್ಡ್ ಬಿಲ್ಲು (ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದಿರೋದು), ಇಷ್ಟು ಬೇಕು. ಅಕ್ಕ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ ಈ ಎರಡು ಫಾರ್ಮಿನ ಹೆಸರು ಹೇಳಿದ್ರೆ ಸಾಕು, ಅವರಿಗೆ ತಕ್ಷಣ ಅರ್ಥ ಆಗುತ್ತೆ, ಅವರು ದಿನಾ ಮಾಡೋ ಕೆಲಸ ಅದು.

ಆ ಯುಬಿ-04 ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು, ಯಾಕಂದ್ರೆ ನಿಮ್ಮ ಫೈಲ್ ಸಿಕ್ಕಾಕೊಂಡಿರೋದು ಬಹುಶಃ ಅಲ್ಲೇ. ಒಂದೇ ಹಾಳೆ ಅದು, 81 ಮನೆಗಳಿರೋ ಫಾರ್ಮು. 42ನೇ ಮನೆಯಲ್ಲಿ ನಾಲ್ಕಂಕಿಯ ಕೋಡ್ ಇರುತ್ತೆ, 0450 ಅಂದ್ರೆ ಎಮರ್ಜೆನ್ಸಿ ರೂಮು, 0250 ಅಂದ್ರೆ ಔಷಧಿ, ಹಿಂಗೆ ದುಡ್ಡು ಯಾವುದಕ್ಕೆ ಅಂತ ಸಾಲು ಸಾಲಾಗಿ. ಕೆಳಗಡೆ 67ನೇ ಮನೆಯಲ್ಲಿ ಮುಖ್ಯ ಕಾಯಿಲೆಯ ಕೋಡು, ನ್ಯುಮೋನಿಯಾಗೆ ಸಾಮಾನ್ಯವಾಗಿ ಜೆ18.9 ಅಂತ ಇರುತ್ತೆ. ಅದರ ಪಕ್ಕದಲ್ಲೇ ಸಣ್ಣ ಸಣ್ಣ ಮನೆಗಳಲ್ಲಿ ರೋಗಿಗೆ ಇರೋ ಮಿಕ್ಕ ಎಲ್ಲಾ ತೊಂದರೆಗಳ ಕೋಡ್ ತುಂಬಿಸಿರ್ತಾರೆ, ಐ10 ಅಂದ್ರೆ ಬಿಪಿ, ಇ11.9 ಅಂದ್ರೆ ಶುಗರ್. ಅಮೆರಿಕದ ಆಸ್ಪತ್ರೆಗಳು ಇದ್ದಬದ್ದದ್ದೆಲ್ಲ ಬರೆಯೋದು ಅವರ ಪದ್ಧತಿ, ಚಿಕಿತ್ಸೆ ಯಾವುದಕ್ಕೆ ಕೊಟ್ರೋ ಅದು ಬೇರೆ. ಆದ್ರೆ ಇಲ್ಲಿ ಬೆಂಗಳೂರಲ್ಲೋ ಮುಂಬೈಯಲ್ಲೋ ಕೂತು ಫೈಲ್ ನೋಡೋ ಹುಡುಗನ ಕಣ್ಣಿಗೆ ಮೊದ್ಲು ಬೀಳೋದೇ ಆ ಐ10, ಇ11.9. ತಕ್ಷಣ 'ಪೂರ್ವ ಕಾಯಿಲೆ, ಹಳೇ ಟ್ರೀಟ್‌ಮೆಂಟ್ ರೆಕಾರ್ಡ್ ಕಳ್ಸಿ' ಅಂತ ಕ್ವೆರಿ ಹಾಕ್ತಾನೆ. ಅವನ ಮೇಲೆ ನಂಗೆ ಕೋಪ ಇಲ್ಲ, ಅವನಿಗೆ ಹೇಳಿಕೊಟ್ಟಿರೋದೇ ಹಾಗೆ. ನಿಮಗೆ ನಾಲ್ಕು ಸಲ ಬಂದ ಕ್ವೆರಿಯಲ್ಲಿ ಕನಿಷ್ಠ ಎರಡು ಇದೇ ಇರುತ್ತೆ ಅಂತ ನನ್ನ ಅಂದಾಜು, ತೆಗೆದು ನೋಡಿ.

ಇದಕ್ಕೆ ಮದ್ದು, ನಿಮ್ಮ ತಂದೆಯವರನ್ನ ವರ್ಷಗಳಿಂದ ನೋಡ್ತಿರೋ ನಿಮ್ಮೂರಿನ ಡಾಕ್ಟರ್ ಹತ್ರ ಲೆಟರ್‌ಹೆಡ್ ಮೇಲೆ ಒಂದು ಪತ್ರ ತಗೊಳ್ಳಿ. ಬಿಪಿ ಶುಗರ್ ಯಾವ ವರ್ಷದಿಂದ, ಯಾವ ಮಾತ್ರೆ, ಹೊರಡೋ ಮುಂಚೆ ಕಂಟ್ರೋಲಲ್ಲಿತ್ತಾ, ಶ್ವಾಸಕೋಶದ ತೊಂದರೆ ಮೊದಲು ಇರ್ಲಿಲ್ಲ ಅನ್ನೋದು, ಇಷ್ಟು ಇರಲಿ. ಹೊರಡೋಕೆ ಮುಂಚೆ ಮಾಡ್ಸಿದ ಬ್ಲಡ್ ಟೆಸ್ಟ್ ರಿಪೋರ್ಟ್ ಇದ್ರೆ ಅದನ್ನೂ ಸೇರಿಸಿ. ಪಾಲಿಸಿ ತಗೊಳ್ಳುವಾಗ ತುಂಬಿದ ಪ್ರಪೋಸಲ್ ಫಾರ್ಮಲ್ಲಿ ಬಿಪಿ ಶುಗರ್ ಬರೆಸಿರೋ ಪುಟದ ಕಾಪಿ ಮೇಲೆ ಹಳದಿ ಹೈಲೈಟರ್ ಹಾಕಿ ಕಳ್ಸಿ. ನೀವು ಮುಚ್ಚಿಟ್ಟಿಲ್ಲ ಅನ್ನೋದೇ ನಿಮ್ಮ ಕೈಯಲ್ಲಿರೋ ಅತಿ ದೊಡ್ಡ ಬಲ.

ಯಾಕೆ ಅಂತ ಹೇಳ್ತೀನಿ. 2009ರ ಮೇ ತಿಂಗಳಲ್ಲಿ ಒಬ್ಬರು ಇಲ್ಲಿಂದ ಓವರ್‌ಸೀಸ್ ಮೆಡಿಕ್ಲೇಮ್ ಪಾಲಿಸಿ ತಗೊಂಡು ಸಂಬಂಧಿಕರ ಮದುವೆಗೆ ಅಮೆರಿಕಕ್ಕೆ ಹೋದ್ರು, ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಲ್ಲಿ ಇಳಿದ ಕೂಡ್ಲೇ ಬೆವರು, ಸುಸ್ತು, ಆಸ್ಪತ್ರೆಗೆ ಒಯ್ದು ಮೂರು ಸ್ಟೆಂಟ್ ಹಾಕಿದ್ರು. ಶುಗರ್ ಇದೆ ಅಂತ ಮೊದಲೇ ಹೇಳಿದ್ರೂ, ಕೊಲೆಸ್ಟ್ರಾಲ್ ಮಾತ್ರೆ ತಗೋತಿದ್ದದ್ದು ಹೇಳಿಲ್ಲ ಅಂತ ಕ್ಲೇಮ್ ತಿರಸ್ಕಾರ ಆಯ್ತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2021ರ ಡಿಸೆಂಬರ್ 6ಕ್ಕೆ ತೀರ್ಪು ಬಂತು, ಬರೆದವರು ನಮ್ಮವರೇ, ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸಕ್ಕರೆ ಕಾಯಿಲೆ ಇರೋರಿಗೆ ಆ ಮಾತ್ರೆಯನ್ನ ಮುನ್ನೆಚ್ಚರಿಕೆಗೆ ಕೊಡ್ತಾರೆ, ರೋಗಿ ತನ್ನ ಸ್ಥಿತಿ ಹೇಳಿದ್ಮೇಲೆ ಅದನ್ನ ಅಳೆದು ತೂಗಿ ಪಾಲಿಸಿ ಕೊಡೋದು ಕಂಪನಿ ಕೆಲಸ, ಪಾಲಿಸಿ ಕೊಟ್ಟಾದ್ಮೇಲೆ ಅದೇ ಕಾಯಿಲೆ ತೋರಿಸಿ ಕೈ ಎತ್ತೋ ಹಾಗಿಲ್ಲ ಅಂತ ಹೇಳಿ, ಬಡ್ಡಿ ಸಮೇತ ಕೊಡ್ಸಿದ್ರು. ಹನ್ನೆರಡು ವರ್ಷ ಹಿಡೀತು ಅನ್ನೋದು ಹೊಟ್ಟೆ ಉರಿಯೋ ವಿಷಯ, ಆದ್ರೆ ಅವರು ಕಾದಿದ್ದಕ್ಕೆ ನಿಮಗೆ ಇವತ್ತು ಆ ತೀರ್ಪು ಕೈಯಲ್ಲಿದೆ. ನಿಮ್ಮ ಪತ್ರದಲ್ಲಿ ಆ ತೀರ್ಪಿನ ತಾರೀಕು ಒಂದು ಸಾಲಲ್ಲಿ ಬರೀರಿ, ಪತ್ರದ ತೂಕವೇ ಬೇರೆ ಆಗುತ್ತೆ. ಒಂದು ಎಚ್ಚರ, ಕೆಲವು ಟ್ರಾವೆಲ್ ಪಾಲಿಸಿಗಳು ಪೂರ್ವ ಕಾಯಿಲೆಯಿಂದ ಬಂದದ್ದಕ್ಕೆ ಪ್ರಾಣಾಪಾಯದ ಎಮರ್ಜೆನ್ಸಿಗೆ ಮಾತ್ರ ಕೊಡ್ತೀವಿ ಅಂತ ಬರೆದಿರ್ತಾರೆ, ನಿಮ್ಮ ಪಾಲಿಸಿಯ ಆ ಸಾಲು ಓದ್ಕೊಳ್ಳಿ. ನ್ಯುಮೋನಿಯಾ ಅನ್ನೋದು ಸೋಂಕು, ಉಸಿರಾಟ ಕಷ್ಟ ಆಗಿ ಆಂಬ್ಯುಲೆನ್ಸಲ್ಲಿ ಹೋಗಿದಾರೆ, ಎರಡೂ ದಾರಿಯಲ್ಲಿ ನಿಮ್ಮ ಪಕ್ಷ ಗಟ್ಟಿ ಇದೆ.

ಇನ್ನೊಂದು ಕಡೆ ಎಡವೋದು ಇದೆ, ಇದನ್ನ ಯಾರೂ ಹೇಳಲ್ಲ. 'ಹಿಸ್ಟರಿ ಅಂಡ್ ಫಿಸಿಕಲ್' ಅನ್ನೋ ನೋಟ್ಸ್ ಕೈಗೆ ಬಂದ್ಮೇಲೆ ಕಂಪನಿಗೆ ಕಳ್ಸೋ ಮುಂಚೆ ಸಾಲು ಸಾಲು ಓದಿ. ಹಿಂದೆ ಒಬ್ಬರು ಶಿರಸಿ ಕಡೆಯ ತಾಯಿ ಮಗನ ಮನೇಲಿದ್ದಾಗ ಎದೆ ಬಿಗಿ ಅಂತ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೋಗಿದ್ರು. ಎಷ್ಟು ದಿನದಿಂದ ಹಿಂಗೆ ಅಂತ ನರ್ಸ್ ಕೇಳಿದಾಗ ಅವರು ಕನ್ನಡದಲ್ಲಿ, 'ಮೊದ್ಲಿಂದ್ಲೂ ಮೆಟ್ಟಿಲು ಹತ್ತಿದ್ರೆ ಸ್ವಲ್ಪ ಏದುಸಿರು ಬರ್ತಿತ್ತಪ್ಪ, ವಯಸ್ಸಾಯ್ತಲ್ಲ' ಅಂದ್ರು. ಗಾಬರಿಯಲ್ಲಿದ್ದ ಮಗ ಅದನ್ನ ಇಂಗ್ಲಿಷಲ್ಲಿ ತುಂಬಾ ದಿನದಿಂದ ಉಸಿರಾಟದ ತೊಂದರೆ ಇದೆ ಅಂದುಬಿಟ್ರು. ನೋಟ್ಸಲ್ಲಿ ದೀರ್ಘಕಾಲದ ಉಸಿರಾಟದ ಸಮಸ್ಯೆ, ಪ್ರಯಾಣಕ್ಕೂ ಮೊದಲಿಂದ ಅಂತ ಸೇರಿಹೋಯ್ತು. ಆ ಒಂದು ಸಾಲಿಗೆ ಫೈಲ್ ಏಳು ತಿಂಗಳು ನಿಂತಿತ್ತು. ಆ ತಾಯಿ ನನ್ನ ಮುಂದೆ ಕೂತು ನಾನು ಏನು ತಪ್ಪು ಹೇಳಿದೆ ಅಂತ ಕೇಳಿದ್ರು, ನಂಗೆ ಉತ್ತರ ಹೊಳೀಲಿಲ್ಲ. ಅಮೆರಿಕದಲ್ಲಿ 1996ರ ಹಿಪಾ ಅನ್ನೋ ಕಾನೂನಿನ ಪ್ರಕಾರ ರೋಗಿಗೆ ತನ್ನ ರೆಕಾರ್ಡ್ ಕೇಳಿದ 30 ದಿನದೊಳಗೆ ಸಿಗ್ಬೇಕು (ಆಸ್ಪತ್ರೆ ಕಾರಣ ಬರೆದು ಇನ್ನೊಂದು 30 ದಿನ ತಗೋಬಹುದು), ಅದರಲ್ಲಿ ತಪ್ಪಿದ್ರೆ ತಿದ್ದಿ ಅಂತ ಅರ್ಜಿ ಕೊಡೋ ಹಕ್ಕೂ ಇದೆ, ಅದಕ್ಕೆ 60 ದಿನದಲ್ಲಿ ಉತ್ತರ ಕೊಡ್ಬೇಕು. ಆ ಅರ್ಜಿ ಕೊಟ್ವಿ, ಊರಿನ ಡಾಕ್ಟರ ಹಳೇ ಎಕ್ಸ್‌ರೇ ರಿಪೋರ್ಟ್ ಸೇರಿಸಿದ್ವಿ, ಆಮೇಲೆ ಫೈಲ್ ಕದಲಿತು. ಅಂದಹಾಗೆ ಅಲ್ಲಿನ ಆಸ್ಪತ್ರೆಗಳಲ್ಲಿ ಫೋನ್ ಮೂಲಕ ಭಾಷಾಂತರ ಮಾಡೋರನ್ನ ಕೇಳಿದ್ರೆ ಕೊಡ್ತಾರೆ, ಅದಕ್ಕೆ ದುಡ್ಡು ತಗೊಳ್ಳಲ್ಲ, ಕನ್ನಡದವರು ಬೇಕು ಅಂತ ಧಾರಾಳವಾಗಿ ಕೇಳಿ. ಮಕ್ಕಳು ಗಾಬರಿಯಲ್ಲಿ ಭಾಷಾಂತರ ಮಾಡೋದಕ್ಕಿಂತ ಅದು ಎಷ್ಟೋ ವಾಸಿ.

ರೆಕಾರ್ಡ್ ಕೇಳೋಕೆ ನಿಮ್ಮ ತಂದೆಯವರ ಸಹಿ ಬೇಕು, ಅಕ್ಕನದ್ದಲ್ಲ. ಇನ್ಶೂರೆನ್ಸ್ ಕಂಪನಿ ಒಂದು ಕನ್ಸೆಂಟ್ ಫಾರ್ಮಿಗೆ ಸಹಿ ಹಾಕ್ಸಿಕೊಂಡು ಆಸ್ಪತ್ರೆಗೆ ಕಳ್ಸುತ್ತೆ, ಎಷ್ಟೋ ಆಸ್ಪತ್ರೆ ಅದನ್ನ ಒಪ್ಪಲ್ಲ, ನಮ್ಮದೇ ಫಾರ್ಮ್ ಆಗ್ಬೇಕು ಅಂತಾರೆ, ಆ ಉತ್ತರ ಎಲ್ಲೋ ಒಂದು ಇನ್‌ಬಾಕ್ಸಲ್ಲಿ ಬಿದ್ದಿರುತ್ತೆ, ಇತ್ತ ಕಂಪನಿಯವರು 'ಆಸ್ಪತ್ರೆಯಿಂದ ರೆಕಾರ್ಡ್ ಬಂದಿಲ್ಲ' ಅಂತ ಕಾಯ್ತಾ ಇರ್ತಾರೆ. ಅದಕ್ಕೇ ಕಂಪನಿ ತರ್ಸುತ್ತೆ ಅಂತ ಕಾಯ್ಬೇಡಿ, ಆಸ್ಪತ್ರೆ ವೆಬ್‌ಸೈಟಲ್ಲಿರೋ ಅವರದೇ ರಿಲೀಸ್ ಫಾರ್ಮ್ ಡೌನ್‌ಲೋಡ್ ಮಾಡಿ, ಅಪ್ಪನ ಸಹಿ ಹಾಕ್ಸಿ, ಪಾಸ್‌ಪೋರ್ಟ್ ಕಾಪಿ ಜೊತೆ ನೀವೇ ಕಳ್ಸಿ ತರ್ಸಿಕೊಳ್ಳಿ. ಪಾಸ್‌ಪೋರ್ಟಿನ ಸಹಿ ಥರಾನೇ ಇರಲಿ ಸಹಿ.

ಪಾಸ್‌ಪೋರ್ಟ್ ಅಂದ್ಕೂಡ್ಲೇ ನೆನಪಾಯ್ತು, ಅಮೆರಿಕದ ಎಂಟ್ರಿ ಸ್ಟಾಂಪ್ ಕಾಣ್ತಿಲ್ಲ ಅಂತ ಕ್ವೆರಿ ಬಂದಿದ್ರೆ, ಈಗೀಗ ಅಲ್ಲಿ ಸ್ಟಾಂಪ್ ಹೊಡೆಯೋದು ಕಡಿಮೆ ಆಗ್ತಿದೆ, ಅವರ ಬಾರ್ಡರ್ ಇಲಾಖೆಯ ಐ-94 ವೆಬ್‌ಸೈಟಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದ್ರೆ ಹೋಗಿ ಬಂದ ತಾರೀಕು ಸಿಗುತ್ತೆ, ಪ್ರಿಂಟ್ ತೆಗೆದು ಬೋರ್ಡಿಂಗ್ ಪಾಸ್ ಜೊತೆ ಕೊಡಿ. ಸಣ್ಣ ವಿಷಯ, ಆದ್ರೆ ಇದಕ್ಕೇ ತಿಂಗಳು ಕಳೆದವರಿದಾರೆ.

ಎಲ್ಲಾ ಕಾಗದ ಜೋಡಿಸಿ ಆದ್ಮೇಲೆ ಒಂದು ಇಮೇಲ್. ಫೋನ್ ಬೇಡ, ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಪಾಲಿಸಿ ನಂಬರ್, ಕ್ಲೇಮ್ ನಂಬರ್ ಮೇಲೆ ಬರೆದು, ಈವರೆಗೆ ಅವರು ಯಾವ ತಾರೀಕಿಗೆ ಏನು ಕೇಳಿದ್ರು, ನೀವು ಯಾವ ತಾರೀಕಿಗೆ ಕೊಟ್ರಿ ಅಂತ ಒಂದು ಟೇಬಲ್. ಅದರ ಕೆಳಗೆ ಸ್ಪಷ್ಟವಾಗಿ, 'ಈ ದಿನ ಕೊಟ್ಟಿರೋದೇ ಕೊನೇ ದಾಖಲೆ, ನಮ್ಮ ಕಡೆಯಿಂದ ಬಾಕಿ ಏನೂ ಇಲ್ಲ ಅಂತ ತಿಳಿದಿದ್ದೇವೆ. ಇನ್ನೂ ಬೇಕಿದ್ದರೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಬೇಕು ಅನ್ನೋದರ ಸಮೇತ, ಏಳು ದಿನದೊಳಗೆ ತಿಳಿಸಿ' ಅಂತ ಬರೀರಿ. ಇಮೇಲ್ ಕ್ಲೇಮ್ಸ್ ವಿಭಾಗಕ್ಕೆ, ಕಾಪಿ ಕಂಪನಿಯಲ್ಲಿ ದೂರು ನೋಡೋ ಗ್ರೀವೆನ್ಸ್ ಆಫೀಸರಿಗೆ, ಅವರ ವಿಳಾಸ ಪಾಲಿಸಿ ಪುಸ್ತಕದ ಕೊನೇ ಪುಟಗಳಲ್ಲಿರುತ್ತೆ. ಪೋರ್ಟಲಲ್ಲಿ ಅಪ್‌ಲೋಡ್ ಮಾಡಿದ್ರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ತಾರೀಕು ಕಾಣೋ ಹಾಗೆ.

ಇದು ಯಾಕೆ ಕೆಲಸ ಮಾಡುತ್ತೆ ಅಂದ್ರೆ, ಹೆಲ್ತ್ ಕ್ಲೇಮಿನ ಗಡುವು ಟ್ರಾವೆಲ್ ಪಾಲಿಸಿಗೂ ಅನ್ವಯಿಸುತ್ತೆ. ಟ್ರಾವೆಲ್ ಪಾಲಿಸಿ ಬೇರೆ, ಹೆಲ್ತ್ ನಿಯಮ ಇದಕ್ಕೆ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಇನ್ಶೂರೆನ್ಸ್ ಕಾಯ್ದೆಯಲ್ಲೇ ಹೆಲ್ತ್ ಇನ್ಶೂರೆನ್ಸ್ ವ್ಯವಹಾರ ಅಂದ್ರೆ ಟ್ರಾವೆಲ್ ಕವರ್ ಕೂಡ ಸೇರಿದೆ. ಮೊದಲು 30 ದಿನ, ತನಿಖೆ ಬೇಕಾದ್ರೆ 45 ದಿನ ಅಂತ ಇತ್ತು. 2024ರಲ್ಲಿ ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮ ಬಿಗಿ ಮಾಡಿ, ಕ್ಯಾಶ್‌ಲೆಸ್ ಅಲ್ಲದ ಹೆಲ್ತ್ ಕ್ಲೇಮಿಗೆ 15 ದಿನ ಅಂತ ಮಾಡ್ತು. ಗಡುವು ದಾಟಿದ್ರೆ ಬ್ಯಾಂಕ್ ರೇಟಿನ ಮೇಲೆ ಇನ್ನೂ 2% ಸೇರಿಸಿ ಬಡ್ಡಿ ಕೊಡ್ಬೇಕು, ಅದನ್ನ ನೀವು ಕೇಳ್ಬೇಕು ಅಂತಿಲ್ಲ, ಅವರಾಗೇ ಕೊಡ್ಬೇಕು. ಆದ್ರೂ ಪತ್ರದಲ್ಲಿ ಬಡ್ಡಿ ವಿಷಯ ಬರೀರಿ. ಇನ್ನೊಂದು ಒಳ್ಳೇ ಬದಲಾವಣೆ, 2024ರ ಮೇ 29ರ ಸುತ್ತೋಲೆ ಪ್ರಕಾರ ಕ್ಲೇಮನ್ನ ಒಬ್ಬ ಅಧಿಕಾರಿ ತನ್ನಷ್ಟಕ್ಕೆ ತಿರಸ್ಕಾರ ಮಾಡೋ ಹಾಗಿಲ್ಲ, ಕಂಪನಿಯ ಕಮಿಟಿ ಅಥವಾ ಅದರದ್ದೇ ಮೂರು ಜನರ ಕ್ಲೇಮ್ಸ್ ರಿವ್ಯೂ ಕಮಿಟಿ ಒಪ್ಪಿಗೆ ಬೇಕು, ಪಾಲಿಸಿಯ ಯಾವ ಷರತ್ತು ಅಂತ ಬರೆದು ಹೇಳ್ಬೇಕು. ಫೋನಲ್ಲಿ 'ನಿಮ್ದು ಆಗಲ್ಲ ಸರ್' ಅಂದ್ರೆ ಅದು ತಿರಸ್ಕಾರವೇ ಅಲ್ಲ.

ಈಗ ಆ 61 ಸಾವಿರದ ವಿಷಯ. ಇದು ನಿಮ್ಮ 4,800ಕ್ಕಿಂತ ಬೇರೆ ವ್ಯವಹಾರ, ಎರಡನ್ನೂ ಒಂದೇ ಗಂಟು ಮಾಡ್ಬೇಡಿ. ಅಮೆರಿಕದ ಆಸ್ಪತ್ರೆ ಬಿಲ್ಲಲ್ಲಿ ಬರೆಯೋ ದರವನ್ನ ಅಲ್ಲಿನ ಇನ್ಶೂರೆನ್ಸ್ ಕಂಪನಿಗಳೇ ಪೂರ್ತಿ ಕೊಡಲ್ಲ, ಒಪ್ಪಂದ ಮಾಡ್ಕೊಂಡು ಬಹಳ ಕಡಿಮೆ ಕೊಡ್ತವೆ. ನಮ್ಮ ಕಂಪನಿಗಳೂ ಅಲ್ಲಿನ ಒಂದು ಅಸಿಸ್ಟೆನ್ಸ್ ಕಂಪನಿ ಮೂಲಕ ಬಿಲ್ಲನ್ನ ಕಳ್ಸಿ ದರ ಇಳಿಸೋ ಮಾತುಕತೆ ಮಾಡ್ಸುತ್ತವೆ, ಇದಕ್ಕೆ ವಾರಗಟ್ಟಲೆ ಹಿಡಿಯುತ್ತೆ, ತಡ ಆಗೋದಕ್ಕೆ ಇದೂ ದೊಡ್ಡ ಕಾರಣ. ನೀವು ಭಯಕ್ಕೆ ಬಿದ್ದು ಮಧ್ಯೆ ಕೈ ಹಾಕಿ ಪೂರ್ತಿ ದರ ಕಟ್ಟಿಬಿಟ್ರೆ ಆ ಇಳಿಕೆ ಕೈತಪ್ಪುತ್ತೆ, ಆಮೇಲೆ ಕಂಪನಿ 'ನ್ಯಾಯವಾದ ದರ ಇಷ್ಟೇ' ಅಂತ ಅರ್ಧ ಕೊಟ್ರೆ ಮಿಕ್ಕಿದ್ದು ನಿಮ್ಮ ತಲೆ ಮೇಲೆ. ಹಾಗಾಗಿ ಭಾವನ ಕಾರ್ಡ್ ಇನ್ನು ಹೊರಗೆ ತೆಗೀಬಾರ್ದು.

ಬದಲಿಗೆ ಅಕ್ಕ ಅಥವಾ ಭಾವ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ, ಇಂಡಿಯಾದ ಇನ್ಶೂರೆನ್ಸಲ್ಲಿ ಕ್ಲೇಮ್ ನಡೀತಿದೆ, ಇದು ಕ್ಲೇಮ್ ನಂಬರ್, ಇದು ಅಸಿಸ್ಟೆನ್ಸ್ ಕಂಪನಿ ಇಮೇಲ್, ಅಕೌಂಟನ್ನ ಹೋಲ್ಡಲ್ಲಿ ಇಡಿ, ಕಲೆಕ್ಷನ್ನಿಂದ ವಾಪಸ್ ತಗೊಳ್ಳಿ ಅಂತ ಕೇಳ್ಬೇಕು, ಮಾತಾಡಿದ್ಮೇಲೆ ಅದನ್ನೇ ಇಮೇಲಲ್ಲಿ ಹಾಕ್ಬೇಕು. ಕಲೆಕ್ಷನ್ ಏಜೆನ್ಸಿಗೂ ಲಿಖಿತವಾಗಿ, ಈ ಮೊತ್ತಕ್ಕೆ ಆಧಾರ ಕೊಡಿ ಅಂತ ಬರೀಬೇಕು, ಮೊದಲ ಪತ್ರ ಬಂದ 30 ದಿನದೊಳಗೆ ಬರೆದ್ರೆ ಅವರು ಆಧಾರ ಕೊಡೋ ತನಕ ವಸೂಲಿ ನಿಲ್ಲಿಸ್ಬೇಕು. ಆಸ್ಪತ್ರೆ ಲಾಭರಹಿತ ಸಂಸ್ಥೆಯದ್ದಾಗಿದ್ರೆ (ಅಲ್ಲಿ ಬಹಳಷ್ಟು ಹಾಗೇ ಇವೆ) ಅವರಿಗೆ ಫೈನಾನ್ಷಿಯಲ್ ಅಸಿಸ್ಟೆನ್ಸ್ ಪಾಲಿಸಿ ಇರಲೇಬೇಕು, ಮೊದಲ ಬಿಲ್ಲು ಕಳ್ಸಿ 120 ದಿನ ಆಗೋ ತನಕ ಕೋರ್ಟಿಗೆ ಹೋಗೋದು, ಕ್ರೆಡಿಟ್ ರಿಪೋರ್ಟಿಗೆ ಹಾಕೋದು ಮಾಡೋ ಹಾಗಿಲ್ಲ, 240 ದಿನದ ತನಕ ಸಹಾಯಕ್ಕೆ ಅರ್ಜಿ ತಗೋಬೇಕು. ವಿಸಿಟರ್‌ಗೆ ಕೊಡ್ತಾರಾ ಅನ್ನೋದು ಆಯಾ ಆಸ್ಪತ್ರೆಯ ನಿಯಮ, ಆದ್ರೆ ಅರ್ಜಿ ಹಾಕೋಕೆ ದುಡ್ಡಿಲ್ಲ, ಗಡುವು ಲೆಕ್ಕ ಹಾಕಿ ಹಾಕಿಡಿ, ಹಾಕಿದ ವಿಷಯ ಇಲ್ಲಿನ ಕಂಪನಿಗೂ ತಿಳಿಸಿ. ಭಾವ ಅಡ್ಮಿಷನ್ ಟೈಮಲ್ಲಿ ಗ್ಯಾರಂಟರ್ (ಬಿಲ್ಲಿಗೆ ಜವಾಬ್ದಾರ) ಅಂತ ಸಹಿ ಹಾಕಿದಾರಾ ಅನ್ನೋದನ್ನ ಮಾತ್ರ ಕೇಳಿ ನೋಡಿ. ಹಾಕಿಲ್ಲದಿದ್ರೆ ಅಪ್ಪನ ಬಿಲ್ಲು ಅವರ ಸಾಲ ಅಲ್ಲ.

ಭಾವ ಕಟ್ಟಿದ 4,800ಕ್ಕೆ, ಕಾರ್ಡ್ ಸ್ಟೇಟ್‌ಮೆಂಟ್, ಪ್ರತಿಯೊಂದಕ್ಕೂ ಪೇಯ್ಡ್ ರಸೀದಿ, 'ಮಾವನ ಪರವಾಗಿ ನಾನು ಕಟ್ಟಿದ್ದು' ಅಂತ ಅವರದೊಂದು ಪತ್ರ, ಇಷ್ಟು ಬೇಕು. ದುಡ್ಡು ಬರೋದು ರೂಪಾಯಲ್ಲಿ, ಇಂಡಿಯಾದ ಅಕೌಂಟಿಗೆ, ಯಾವ ದಿನದ ಡಾಲರ್ ರೇಟ್ ಅನ್ನೋದು ಪಾಲಿಸಿಯಲ್ಲಿ ಬರೆದಿರುತ್ತೆ, ನೋಡಿ. ಡಿಡಕ್ಟಿಬಲ್, ಅಂದ್ರೆ ಕ್ಲೇಮಲ್ಲಿ ನೀವೇ ಹೊರ್ಬೇಕಾದ ಮೊತ್ತ, ಕಳೀತಾರೆ. 60 ದಾಟಿದವರಿಗೆ ಕೆಲವು ಪಾಲಿಸಿಯಲ್ಲಿ ರೂಮಿಗೆ ದಿನಕ್ಕಿಷ್ಟು, ಡಾಕ್ಟರ್‌ಗೆ ಇಷ್ಟು ಅಂತ ಸಬ್‌ಲಿಮಿಟ್ ಇರುತ್ತೆ, ನಿಮ್ಮದರಲ್ಲಿ ಇದ್ರೆ ಪೂರ್ತಿ ಬರಲ್ಲ, ಅದನ್ನ ಈಗಲೇ ತಿಳ್ಕೊಂಡಿರೋದು ಒಳ್ಳೇದು ಅಂತ ನೇರವಾಗಿ ಹೇಳ್ತಿದೀನಿ.

ಇಮೇಲಿಗೆ ಉತ್ತರ ಬರದಿದ್ರೆ? ಮೊದಲು ಗ್ರೀವೆನ್ಸ್ ಆಫೀಸರಿಗೆ ದೂರು, ಅದನ್ನೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಲ್ಲೂ ಹಾಕಿ, 155255ಗೆ ಫೋನ್ ಮಾಡಿಯೂ ದೂರು ಕೊಡ್ಬಹುದು. ದೂರು ಕೊಟ್ಟು ಒಂದು ತಿಂಗಳಾದ್ರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಒಪ್ಪಿಗೆ ಇಲ್ಲ ಅಂದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದ್ರೆ ಕಂಪನಿ ಮೇಲಿನ ದೂರು ಕೇಳಿ ತೀರ್ಪು ಕೊಡೋ ಅಧಿಕಾರಿ. ಕರ್ನಾಟಕಕ್ಕೆಲ್ಲ ಒಂದೇ ಆಫೀಸು, ಬೆಂಗಳೂರು ಜೆ.ಪಿ. ನಗರ ಒಂದನೇ ಹಂತದಲ್ಲಿ, ಜೀವನ್ ಸೌಧ ಕಟ್ಟಡ. ಫೀಸಿಲ್ಲ, ವಕೀಲರು ಬೇಡ, ಆನ್‌ಲೈನಲ್ಲೇ ದೂರು ಹಾಕ್ಬಹುದು. 50 ಲಕ್ಷದ ತನಕದ ಕ್ಲೇಮ್ ತಗೋತಾರೆ, 61 ಸಾವಿರ ಡಾಲರ್ ಅಂದ್ರೆ ರೂಪಾಯಲ್ಲಿ ಲೆಕ್ಕ ಹಾಕಿ ನೋಡ್ಕೊಳ್ಳಿ. ಮೀರಿದ್ರೆ ಕನ್ಸ್ಯೂಮರ್ ಕಮಿಷನ್, 2019ರ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯಲ್ಲೇ ಹಾಕ್ಬಹುದು, ಎರಡು ವರ್ಷದೊಳಗೆ. ಆದ್ರೆ ಎರಡೂ ಕಡೆ ಒಟ್ಟಿಗೆ ಹಾಕೋ ಹಾಗಿಲ್ಲ, ಒಂದೇ ಆರಿಸ್ಕೊಳ್ಳಿ. ನನ್ನ ಕೇಳಿದ್ರೆ ಮೊತ್ತ ಮಿತಿಯೊಳಗಿದ್ರೆ ಓಂಬುಡ್ಸ್‌ಮನ್ನೇ ಮೊದಲು. ತೀರ್ಪು ಬಂದ್ಮೇಲೆ ಕಂಪನಿ 30 ದಿನದಲ್ಲಿ ಪಾಲಿಸದಿದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡ್ಬೇಕು ಅಂತ 2024ರಿಂದ ನಿಯಮ ಇದೆ, ಹಾಗಾಗಿ ತೀರ್ಪನ್ನ ಕಡತದಲ್ಲಿ ಮುಚ್ಚಿಡೋದು ಈಗ ಅಷ್ಟು ಸುಲಭ ಅಲ್ಲ. ಓಂಬುಡ್ಸ್‌ಮನ್ ಆಫೀಸಲ್ಲಿ ಮೊದಲು ನೋಡೋದೂ ಇಮೇಲಲ್ಲಿ ಹಾಕಿದ ಅದೇ ಟೇಬಲ್ಲು, ಯಾವ ತಾರೀಕಿಗೆ ಏನು ಕೇಳಿದ್ರು, ಯಾವ ತಾರೀಕಿಗೆ ಏನು ಕೊಟ್ರಿ. ದೂರು ಪಾಲಿಸಿದಾರರ ಹೆಸರಲ್ಲಿ ಇರ್ಬೇಕು, ನೀವು ದುಡ್ಡು ಕಟ್ಟಿದ್ರೂ ಪಾಲಿಸಿ ಅಪ್ಪನ ಹೆಸರಲ್ಲಿದ್ರೆ ಅಪ್ಪನೇ ಸಹಿ ಮಾಡ್ಬೇಕು.

ಇಷ್ಟಾದ್ಮೇಲೂ ಗೊಂದಲ ಇದ್ರೆ, ಬಂದಿರೋ ನಾಲ್ಕೂ ಕ್ವೆರಿ ಪತ್ರ ಮತ್ತೆ ಯುಬಿ-04 ಹಾಳೆ, ಹೆಸರು ನಂಬರ್ ಮುಚ್ಚಿ ಕಳ್ಸಿ, 67ನೇ ಮನೇಲಿ ಏನಿದೆ ನೋಡಿ ಮುಂದಿನ ಪತ್ರ ಹೆಂಗೆ ಬರೀಬೇಕು ಅಂತ ಹೇಳ್ತೀನಿ. ಆಸ್ಪತ್ರೆ ರಿಲೀಸ್ ಫಾರ್ಮ್ ಮಾತ್ರ ಅದಕ್ಕೆಲ್ಲ ಕಾಯದೆ ಇವತ್ತೇ ಡೌನ್‌ಲೋಡ್ ಮಾಡಿ ಅಪ್ಪನ ಸಹಿ ಹಾಕ್ಸಿ, ಮೂರು ಪ್ರತಿ.